ಆವೆಮಣ್ಣಿನ ಹೊಂಡದ ಶಾರ್ಕ್ ಹಲ್ಲುಗಳು

ಕತಾರಿನಲ್ಲಿ ನಾನು ಒಂಬತ್ತು ವರ್ಷ ಎಸಿ ರಿಪೇರಿ ಕೆಲಸ ಮಾಡಿದೆ. ಶುಕ್ರವಾರ ರಜೆ. ಕ್ಯಾಂಪಿನಲ್ಲಿ ಉಳಿದವರು ಬಟ್ಟೆ ಒಗೆದು, ಊರಿಗೆ ಫೋನು ಮಾಡಿ ಮಲಗಿದರೆ, ನಾನು ಮತ್ತು ಜತೆಯಲ್ಲಿ ಕೆಲಸಕ್ಕಿದ್ದ ಒಬ್ಬ ಫಿಲಿಪಿನೋ ಮರುಭೂಮಿಗೆ ಹೋಗಿ ಶಾರ್ಕಿನ ಹಲ್ಲು ಹುಡುಕುತ್ತಿದ್ದೆವು. ಶಾರ್ಕ್ ಎಂದರೆ ನಮ್ಮ ಕಡೆಯ ತಾಟೆ ಮೀನು. ಕೋಟಿಗಟ್ಟಲೆ ವರ್ಷಗಳ ಹಿಂದೆ ಆ ಮರಳುಗಾಡು ಸಮುದ್ರವಾಗಿತ್ತು. ಆಗಿನ ಮೀನುಗಳ ಹಲ್ಲು ಕಲ್ಲಾಗಿ ಮಣ್ಣಿನಲ್ಲಿ ಉಳಿದಿವೆ. ಹುಡುಕುವ ಕ್ರಮವನ್ನು ಆ ಫಿಲಿಪಿನೋ ಕಲಿಸಿಕೊಟ್ಟ. ಬಿಸಿಲು ಓರೆಯಾಗಿ ಬೀಳುವಾಗ ಸೂರ್ಯನಿಗೆ ಮುಖ ಮಾಡಿ ನಿಧಾನವಾಗಿ ನಡೆಯಬೇಕು. ಕಲ್ಲು ಮಂಕಾಗಿರುತ್ತದೆ, ಹಲ್ಲು ಮಿಂಚುತ್ತದೆ. ಮೊದಲ ನಾಲ್ಕು ವಾರ ನನಗೆ ಒಂದೂ ಸಿಗಲಿಲ್ಲ. ಐದನೆಯ ವಾರ ಸಿಕ್ಕಿದ್ದು ಕಿರುಬೆರಳಿನ ಉಗುರಿನಷ್ಟು ದೊಡ್ಡದು. ಅಷ್ಟು ಹಳೆಯದಾದರೂ ಅಂಚು ಚರ್ಮ ಗೀರುವಷ್ಟು ಹರಿತವಾಗಿತ್ತು.

ಕಂಪನಿ ಮುಚ್ಚಿತು, ಊರಿಗೆ ಬಂದೆ. ಬಿಸ್ಕತ್ತಿನ ಡಬ್ಬದಲ್ಲಿ ಹಲ್ಲುಗಳೂ ಬಂದವು. ಮನೆ ವಾಮದಪದವಿನ ಹತ್ತಿರ. ಧರ್ಮಸ್ಥಳದ ಲಾಡ್ಜುಗಳಿಂದ ಹಿಡಿದು ಮೂಡುಬಿದಿರೆಯ ಮನೆಗಳವರೆಗೆ ಎಸಿ, ಫ್ರಿಜ್ಜು ರಿಪೇರಿಗೆಂದು ನನ್ನ ಓಮ್ನಿಯಲ್ಲಿ ಓಡಾಡತೊಡಗಿದೆ.

ಹಾಗೆ ಒಂದು ದಿನ ಮೂಡುಬಿದಿರೆಯಲ್ಲಿ ಫ್ರಿಜ್ಜು ನೋಡಲು ಹೋದ ಮನೆ ನನ್ನ ಹೈಸ್ಕೂಲಿನ ವಿಜ್ಞಾನ ಮಾಸ್ಟರದ್ದಾಗಿತ್ತು. ನಿವೃತ್ತರಾಗಿ ತುಂಬ ವರ್ಷವಾಗಿತ್ತು. ಅವರಿಗೆ ನನ್ನ ಹೆಸರು ನೆನಪಿರಲಿಲ್ಲ. ಬಾಯಿ ನೆನಪಿತ್ತು.

"ಓ, ನೀನಾ? ಉಬ್ಬುಹಲ್ಲಿನವ!" ಎಂದರು, ಹೆಂಡತಿಯ ಎದುರಿಗೇ.

ಎಂಟನೆಯ ಕ್ಲಾಸಿನಲ್ಲಿ ಹಲ್ಲಿನ ಪಾಠ ಮಾಡುವಾಗ ಅವರು ನನ್ನನ್ನು ಮುಂದೆ ಕರೆದು, ಬಾಯಿ ತೆರೆಸಿ, ಸೀಮೆಸುಣ್ಣದಿಂದ ಒಂದೊಂದೇ ಹಲ್ಲು ಮುಟ್ಟಿ ಎಣಿಸಿದ್ದರು. "ಇದು ಮನುಷ್ಯನದ್ದಾ, ಹಂದಿಯದ್ದಾ, ಯಾರು ಹೇಳ್ತೀರಿ?" ಎಂದು ಕೇಳಿದ್ದರು. ಹುಡುಗಿಯರ ಬೆಂಚಿನಿಂದಲೂ ಉತ್ತರ ಬಂದಿತ್ತು. ಹತ್ತನೆಯ ಕ್ಲಾಸು ಮುಗಿಯುವವರೆಗೆ ಶಾಲೆಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಅವರ ಗಾಜಿನ ಕಪಾಟಿನಲ್ಲಿ ಬಗೆಬಗೆಯ ಕಲ್ಲುಗಳಿದ್ದವು. ನಾನೂ ಏನೋ ತಿಳಿದವನು ಎಂದು ತೋರಿಸುವ ಆಸೆಗೆ, ಮುಂದಿನ ಸಲ ಹೋಗುವಾಗ ಒಂದು ಹಲ್ಲು ಒಯ್ದು ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಮುಖ ಚಿಕ್ಕ ಮಕ್ಕಳ ಮುಖದಂತೆ ಅರಳಿತು.

"ಇದನ್ನು ಯಾರು ಕೊಟ್ಟದ್ದು ನಿನಗೆ?"

"ನಾನೇ ಹುಡುಕಿದ್ದು ಸಾರ್, ಗಲ್ಫಿನಲ್ಲಿ."

"ಸುಮ್ಮನಿರು ಮಾರಾಯ. ಇದು ಓದಿದವರು ಮಾಡುವ ಕೆಲಸ. ನಿನಗೆ ಎಲ್ಲಿ ಗೊತ್ತಾಗ್ತದೆ?"

ಆದರೆ ಹಲ್ಲಿನ ಹುಚ್ಚು ಅವರಿಗೆ ಹತ್ತಿತು. ಫರಂಗಿಪೇಟೆಯ ಆಚೆ, ನೇತ್ರಾವತಿಯ ಬದಿಯಲ್ಲಿ, ಹಿಂದೆ ಹಂಚಿನ ಕಾರ್ಖಾನೆಗೆ ಆವೆಮಣ್ಣು ತೆಗೆದು ಬಿಟ್ಟ ಹೊಂಡವೊಂದಿದೆ. ಅಲ್ಲಿಯ ಮಣ್ಣು ಹಳೆಯ ಸಮುದ್ರದ ಕೆಸರು ಎಂದು ಅವರ ವಾದ. ಭಾನುವಾರ ಭಾನುವಾರ ನನ್ನ ಓಮ್ನಿಯಲ್ಲಿ ಹೋಗುತ್ತಿದ್ದೆವು. ನಾನು ಅಗೆಯುವುದು, ಅವರು ಜರಡಿ ಹಿಡಿಯುವುದು. ಎರಡು ತಿಂಗಳು ಹಂಚಿನ ಚೂರು ಬಿಟ್ಟು ಏನೂ ಸಿಗಲಿಲ್ಲ. ಸಿಗದ್ದಕ್ಕೆ ಬೈಗುಳ ನನಗೆ. "ಎತ್ತು ಉತ್ತ ಹಾಗೆ ಅಗೀತೀಯಲ್ಲ! ನಿನ್ನ ತಲೆಯಲ್ಲಿ ಎಂತ ಉಂಟು?"

ಹಾಗೆ ಬೈಸಿಕೊಂಡ ಒಂದು ವಾರದ ಮೇಲೆ ನಾನು ಜೇಬಿನಲ್ಲಿ ಒಂದು ಹಲ್ಲು ಇಟ್ಟುಕೊಂಡು ಹೋದೆ. ಹಳದಿ ಬಣ್ಣದ್ದು, ತುದಿ ಸ್ವಲ್ಪ ಮುರಿದದ್ದು. ಅವರು ನೀರು ಕುಡಿಯಲು ಆಚೆ ಹೋದಾಗ ಅದನ್ನು ಮಣ್ಣಿನ ಮುದ್ದೆಯೊಳಗೆ ಒತ್ತಿ, ಮುದ್ದೆಯನ್ನು ಜರಡಿಗೆ ಹಾಕಿದೆ. ನಕ್ಕುಬಿಡಬೇಕು, ಆಮೇಲೆ ಹೇಳಿಬಿಡಬೇಕು ಎಂದೇ ಲೆಕ್ಕ ಹಾಕಿದ್ದೆ. ಜರಡಿಯಲ್ಲಿ ಅದು ಕಂಡಾಗ ಮಾಸ್ಟರು ಕೂಗಲಿಲ್ಲ. ಕೆಸರಿನಲ್ಲೇ ಕುಳಿತುಬಿಟ್ಟರು.

"ನೋಡು, ನೋಡು... ನಾನು ಹೇಳಿರಲಿಲ್ವಾ?" ಎಂದು ನನ್ನ ಭುಜ ಹಿಡಿದರು. ಅವರು ನನ್ನನ್ನು ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು.

ಹೇಳಲು ಬಾಯಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಹೇಳಲು ಮನಸ್ಸಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ ನನ್ನ ಜೇಬಿನಿಂದ ಬಿದ್ದದ್ದನ್ನು ಹೆಕ್ಕಿ ಕಣ್ಣೀರು ತುಂಬಿಕೊಂಡದ್ದನ್ನು ನೋಡಿ ಒಳಗೆ ಏನೋ ತಂಪಾಯಿತು. ಮುಂದಿನ ವಾರ ಇನ್ನೊಂದು ಹಾಕಿದೆ. ಕೆಲವು ವಾರ ಬೇಕೆಂದೇ ಹಾಕುತ್ತಿರಲಿಲ್ಲ. ಆಗ ಅವರು ಊಟ ಬಿಟ್ಟು ಜರಡಿ ಆಡಿಸುವುದನ್ನು ಮರದ ನೆರಳಿನಲ್ಲಿ ಕುಳಿತು ನೋಡುತ್ತಿದ್ದೆ. ಮಳೆಗಾಲದ ಹೊತ್ತಿಗೆ ಅವರ ಕಪಾಟಿನಲ್ಲಿ ಹತ್ತಿಯ ಮೇಲೆ ಹೊಂಡದಲ್ಲಿ 'ಸಿಕ್ಕಿದ' ಒಂಬತ್ತು ಹಲ್ಲುಗಳು ಸಾಲಾಗಿ ಕುಳಿತಿದ್ದವು.

ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಮೇಳ ನಡೆಯುವುದಿತ್ತು. ಅಲ್ಲಿಯ ಹೆಡ್‌ಮಾಸ್ಟರು ಇವರ ಹಳೆಯ ಶಿಷ್ಯ. ಹಲ್ಲುಗಳನ್ನು ಇಡಲು ಒಂದು ಮೇಜು ಕೊಟ್ಟರು, ನಾಲ್ಕು ಮಾತಾಡಿ ಎಂದೂ ಕರೆದರು. ಮಾಸ್ಟರು ಹೊಸ ಅಂಗಿ ಹೊಲಿಸಿದರು. 'ನೇತ್ರಾವತಿ ತೀರದಲ್ಲಿ ಪ್ರಾಚೀನ ಸಮುದ್ರ' ಎಂದು ತಾವೇ ದೊಡ್ಡ ಅಕ್ಷರದಲ್ಲಿ ಬರೆದರು. ಮೇಳಕ್ಕೆ ಅತಿಥಿಯಾಗಿ ಒಬ್ಬ ಭೂಗರ್ಭಶಾಸ್ತ್ರದ ಪ್ರೊಫೆಸರ್ ಬರುತ್ತಾರೆ ಎಂದು ನನಗೆ ಎರಡು ದಿನ ಮೊದಲೇ ಗೊತ್ತಿತ್ತು. ಆಗಲೂ ಸುಮ್ಮನಿದ್ದೆ.

ಮಾಸ್ಟರು ಅರ್ಧ ಗಂಟೆ ಮಾತಾಡಿದರು. ಪ್ರೊಫೆಸರ್ ಒಂದು ಹಲ್ಲು ಎತ್ತಿ, ಭೂತಗನ್ನಡಿ ಹಿಡಿದು, ಬುಡದಲ್ಲಿದ್ದ ಬಿಳಿ ಹರಳನ್ನು ಉಗುರಿನಿಂದ ಕೆರೆದರು.

"ಹಲ್ಲೇನೋ ನಿಜ. ಆದರೆ ಈ ಹರಳು ಜಿಪ್ಸಮ್. ಒಣ ಮರುಭೂಮಿಯಲ್ಲಿ ಸಿಗುವಂಥದ್ದು. ನಿಮ್ಮ ಈ ಮಳೆಗೆ ಎಂದೋ ಕರಗಿ ಹೋಗಬೇಕಿತ್ತು. ಸತ್ಯ ಹೇಳಿ ಯಜಮಾನ್ರೆ, ಎಲ್ಲಿಂದ ತರಿಸಿದಿರಿ?"

"ನಾನು ನನ್ನ ಕೈಯಲ್ಲಿ ತೆಗೆದದ್ದು! ಇಗೋ, ಇವನಲ್ಲಿ ಕೇಳಿ. ಪ್ರತಿ ವಾರ ಇವ ನನ್ನ ಒಟ್ಟಿಗೇ ಇದ್ದ." ಮಾಸ್ಟರು ನನ್ನ ಕಡೆ ಕೈ ತೋರಿಸಿದರು.

ಹಾಲ್ ತುಂಬ ಮಕ್ಕಳು, ಟೀಚರುಗಳು, ತಂದೆತಾಯಂದಿರು. ಎಲ್ಲರೂ ನನ್ನನ್ನು ನೋಡಿದರು. ನನಗೆ ಹೆದರಿಕೆಯಾಯಿತು. ಹೆದರಿಕೆಯ ಜತೆಗೆ ಒಳಗೊಳಗೆ ಖುಷಿಯೂ ಇತ್ತು, ಅದನ್ನು ಬಚ್ಚಿಡುವುದಿಲ್ಲ.

"ನಾನು ಎಸಿ ರಿಪೇರಿಯವ ಸಾರ್," ಎಂದೆ. "ಅಗಿ ಅಂದ್ರು, ಅಗಿದೆ. ಹಲ್ಲು ಎಲ್ಲಿಂದ ಬಂತು ಅಂತ ನನಗೆ ಹೇಗೆ ಗೊತ್ತು? ನಾನು ಓದಿದವ ಅಲ್ಲ."

ಹಿಂದಿನ ಸಾಲಿನಿಂದ ನಗು ಶುರುವಾಯಿತು. ಹೆಡ್‌ಮಾಸ್ಟರು ಮೈಕು ತೆಗೆದುಕೊಂಡು ಮುಂದಿನ ಕಾರ್ಯಕ್ರಮ ಹೇಳಿದರು. ಯಾರೋ ಬಂದು ಮೇಜಿನ ಮೇಲಿದ್ದ ಬರಹವನ್ನು ಮಡಚಿಟ್ಟರು.

ವಾಪಸು ಬರುವಾಗ ಅವರು ಓಮ್ನಿಯಲ್ಲಿ ನನ್ನ ಪಕ್ಕ ಕುಳಿತಿದ್ದರು. ತೊಡೆಯ ಮೇಲೆ ಹಲ್ಲಿನ ಪೆಟ್ಟಿಗೆ.

"ಗಲ್ಫಿನದ್ದಾ?" ಎಂದರು ವೇಣೂರು ದಾಟಿದ ಮೇಲೆ.

"ಹೌದು ಸಾರ್."

"ಎಲ್ಲವೂ?"

"ಎಲ್ಲವೂ."

ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿ, ಬಹಳ ಸಣ್ಣ ಸ್ವರದಲ್ಲಿ ಕೇಳಿದರು: "ಆ ಹಳದಿಯದ್ದು ಕೂಡ? ಮೊದಲು ಸಿಕ್ಕಿದ್ದು?"

ಅದೊಂದು ಅಲ್ಲಿಯದ್ದೇ ಎಂದಿದ್ದರೆ ನನಗೇನೂ ನಷ್ಟವಿರಲಿಲ್ಲ. "ಅದು ಕೂಡ" ಎಂದೆ.

ಇನ್ನು ಮಾಸ್ಟರು ಆ ಹೊಂಡದ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಆದರೆ ಅವರು ಬಿಡಲಿಲ್ಲ. ಮೋಸಗಾರ ಎಂದು ಜನ ಆಡಿಕೊಳ್ಳುತ್ತಿದ್ದರಲ್ಲ, ನಿಜವಾದ ಒಂದಾದರೂ ಸಿಕ್ಕರೆ ಸಾಕಿತ್ತು ಅವರಿಗೆ. ಎರಡು ಬಸ್ಸು ಬದಲಿಸಿ, ಜರಡಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವರ ಹೆಂಡತಿ ನನಗೆ ಫೋನು ಮಾಡಿದರು.

"ನೀವೇ ಒಮ್ಮೆ ಹೇಳಿ ನೋಡಿ. ಮೊನ್ನೆ ಜಾರಿ ಬಿದ್ದು ಮೊಣಕೈ ಊದಿದೆ. ಅಲ್ಲಿ ಏನೂ ಇಲ್ಲ ಅಂದ್ರೆ ನನ್ನ ಮಾತು ಕೇಳುವುದೇ ಇಲ್ಲ. ನೀವು ಅಂದ್ರೆ ಅವರಿಗೆ ಎಷ್ಟು ಅಭಿಮಾನ ಗೊತ್ತುಂಟಾ?" ನಡೆದದ್ದು ಏನೆಂದು ಮಾಸ್ಟರು ಹೆಂಡತಿಗೂ ಹೇಳಿರಲಿಲ್ಲ.

ಹೋದೆ. ಹೊಂಡದ ತಳದಲ್ಲಿ, ಒಂದು ಕೈಗೆ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಜರಡಿ ಆಡಿಸುತ್ತಿದ್ದರು.

"ಸಾರ್, ಬನ್ನಿ, ಮನೆಗೆ ಹೋಗುವ."

"ಪಕ್ಕಕ್ಕೆ ನಿಲ್ಲು. ನಿನ್ನ ನೆರಳು ಬೀಳ್ತದೆ, ನನಗೆ ಕಾಣುವುದಿಲ್ಲ." ಅಷ್ಟೇ ಹೇಳಿದರು. ತಲೆ ಎತ್ತಲಿಲ್ಲ.

ಅವರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮರುವಾರ ಬೆಳ್ತಂಗಡಿಯ ಆ ಶಾಲೆಗೆ ಹೋಗಿ, ಹೆಡ್‌ಮಾಸ್ಟರ ಎದುರು ನಿಂತು, ಹಲ್ಲು ಹಾಕಿದ್ದು ನಾನೇ, ಮಾಸ್ಟರದ್ದು ಏನೂ ತಪ್ಪಿಲ್ಲ ಎಂದು ಹೇಳಿದೆ. ಅವರು ಗಾಬರಿಯಾಗುತ್ತಾರೆ, ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೇಜು ತಟ್ಟಿ ತಟ್ಟಿ ನಕ್ಕರು.

"ಎಂತ ಹೇಳ್ತೀರಿ ಮಾರಾಯ್ರೆ! ಒಂಬತ್ತು ಸಲವಾ? ಒಂಬತ್ತು ಸಲವೂ ನಂಬಿದ್ರಾ?" ಎಂದು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ, ಚಹಾ ತರಿಸಿ, ಎಲ್ಲರೆದುರು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಅವರಲ್ಲಿ ಇಬ್ಬರು ಮಾಸ್ಟರ ಕೈಯಲ್ಲಿ ಪೆಟ್ಟು ತಿಂದು ಕಲಿತವರಂತೆ. ನಾನು ಹೇಳಿದೆ. ಚಹಾ ಕೂಡ ಕುಡಿದೆ.

ನಾಲ್ಕೇ ದಿನದಲ್ಲಿ ಕಥೆ ಮೂಡುಬಿದಿರೆಗೆ ತಲುಪಿತು. ಮಾಸ್ಟರೇ ಫೋನು ಮಾಡಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಪಾಠ ಮಾಡುವಾಗಿನ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದರು.

"ನೀನು ಹೋಗಿ ಹೇಳಿದ್ದಂತೆ."

"ಹೌದು ಸಾರ್. ನಿಮ್ಮ ಮರ್ಯಾದೆ ಉಳೀಲಿ ಅಂತ..."

"ಇಷ್ಟು ದಿನ ನಾನು ಮೋಸಗಾರ ಆಗಿದ್ದೆ. ಮೋಸಗಾರನಿಗೆ ಬುದ್ಧಿಯಾದರೂ ಉಂಟು ಅಂತ ಜನ ತಿಳೀತಾರೆ. ಈಗ ಪೆದ್ದ ಮಾಡಿದಿ. ಇವತ್ತು ಹಾಲಿನವ ಕೂಡ ನಕ್ಕ."

ಕ್ಷಮೆ ಕೇಳಲು ಬಾಯಿ ತೆರೆದೆ. "ಫ್ರಿಜ್ಜು ಪುನಃ ಶಬ್ದ ಮಾಡ್ತದೆ," ಎಂದರು. "ಬೇರೆಯವರನ್ನು ಕರೀತೇನೆ." ಫೋನು ಇಟ್ಟರು.

ಹೊಂಡಕ್ಕೆ ಅವರು ಆಮೇಲೆ ಬರಲಿಲ್ಲ ಎಂದು ಹೊಂಡದ ಬಳಿಯ ಅಂಗಡಿಯವರು ಹೇಳಿದರು.