ಛತ್ರದ ಅತ್ತೆ ಎತ್ತದ ಎಲೆ

ಛತ್ರದ ಅತ್ತೆಯ ಬಲಗೈ ತೋರುಬೆರಳಿನಲ್ಲಿ ಒಂದು ಆಳವಾದ ಗೆರೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ನೂಲು ಕೊರೆದದ್ದು. ಚಿಕ್ಕಂದಿನಿಂದ ರಾಟೆಯ ಮುಂದೆ ಕೂತು ಅದೇ ಬೆರಳಿನ ಮೇಲೆ ಎಳೆ ಹಾಯಿಸಿ ಹಾಯಿಸಿ ಬಿದ್ದಿತ್ತು. ಬಡಿಸುವಾಗ ಆ ಗೆರೆಯಲ್ಲಿ ಸಾರು ನಿಲ್ಲುತ್ತಿತ್ತು. ಸೆರಗಿಗೆ ಒರೆಸಿಕೊಂಡು, "ಇದೂ ತನ್ನ ಪಾಲು ಕೇಳ್ತದೆ" ಎನ್ನುತ್ತಿದ್ದರು.

ಕೊಯಮತ್ತೂರಿನ ನೇಕಾರರ ಬೀದಿಯ ಕೊನೆಗಿದ್ದ ಆ ಛತ್ರಕ್ಕೆ ನಾನು ಬಂದದ್ದು ಮದುವೆಯಾದ ಮಾರನೇ ವರ್ಷ. ಆಗ ಪೀಳಮೇಡಿನ ಕಡೆ ಮಿಲ್ಲುಗಳು ಒಂದೊಂದಾಗಿ ಏಳುತ್ತಿದ್ದವು. ಇನ್ನು ಮಗ್ಗದ ಕಥೆ ಮುಗಿಯಿತು ಎಂದು ಬೀದಿಯವರು ದಿನಾ ಹೇಳಿ, ಹೇಳಿದ ಮೇಲೆ ಮಗ್ಗಕ್ಕೇ ಇಳಿಯುತ್ತಿದ್ದರು. ನನ್ನ ಗಂಡ ಕೊಲಂಬೊದ ಒಂದು ಜವಳಿ ಅಂಗಡಿಯ ಕೆಲಸಕ್ಕೆ ಹೋಗಿದ್ದರು. ಕೊಯಮತ್ತೂರಿಗೆ ಬಂದು ನನ್ನನ್ನು ಕರೆದೊಯ್ಯುವುದಾಗಿ ಹೇಳಿ ಕಳಿಸಿದ್ದರು. ಚಾಮರಾಜನಗರದ ಕಡೆಯಿಂದ ಅಣ್ಣ ನನ್ನನ್ನು ಘಾಟಿ ಇಳಿಸಿ ಕರೆತಂದು, "ಭಾವ ನಾಳೆ ಬಂದುಬಿಡ್ತಾರೆ" ಎಂದು ಛತ್ರದಲ್ಲಿ ಬಿಟ್ಟು, ಬಸುರಿ ಹೆಂಡತಿಯ ನೆನಪಾಗಿ ಅದೇ ಗಾಡಿಯಲ್ಲಿ ಹಿಂದಿರುಗಿದ. ಭಾವ ನಾಳೆಯೂ ಬರಲಿಲ್ಲ, ನಾಳಿದ್ದೂ ಬರಲಿಲ್ಲ.

ಛತ್ರದಲ್ಲಿ ದಾರಿಹೋಕರಿಗೆ ಮೂರು ದಿನ ಊಟ, ಜಾಗ. ಬಂದವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದ ಆ ಮಕ್ಕಳಿಲ್ಲದ ವಿಧವೆಯೇ ಅದನ್ನು ನೋಡಿಕೊಳ್ಳುತ್ತಿದ್ದರು. ಅವರು ನಮ್ಮೊಡನೆ ಕನ್ನಡ ಆಡುತ್ತಿದ್ದರು; ತರಕಾರಿಯವನೊಂದಿಗೆ, ಹಸುವಿನೊಂದಿಗೆ, ಸಿಟ್ಟು ಬಂದಾಗ ದೇವರೊಂದಿಗೂ ತಮಿಳು. "ನೂಲಿಗೆ ಹಾಕೋ ಗಂಜಿಗಿಂತ ಮನುಷ್ಯರಿಗೆ ಹಾಕೋ ಗಂಜಿ ಗಟ್ಟಿ ಇರ್ಬೇಕು" ಎಂಬುದು ಅವರ ಅಡುಗೆಮನೆಯ ಶಾಸ್ತ್ರ. ಆ ಮೂರು ದಿನವೂ ನಾನು ಉಂಡೆದ್ದ ಕೂಡಲೇ ಅವರೇ ಬಗ್ಗಿ ನನ್ನ ಎಲೆ ಎತ್ತಿದರು. ಅಷ್ಟು ಹಿರಿಯರು ನನ್ನ ಎಂಜಲೆಲೆ ಎತ್ತುವುದು ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ನಾಲ್ಕನೇ ದಿನ ಊಟವಾದ ಮೇಲೆ ಅವರು ಬಗ್ಗಲಿಲ್ಲ. ಆ ಕಡೆಯವರು ಹುಡುಗಿಯರನ್ನು ಕರೆಯುವಂತೆ, "ಅಮ್ಮಿಣಿ, ಎಲೆ ಎತ್ತು" ಎಂದರು.

ನಮ್ಮೂರಲ್ಲಿ ಉಂಡವರಿಗೆ ಎಲೆ ಎತ್ತು ಎಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಇನ್ನು ಈ ಕಡೆ ಬರಬೇಡ ಎಂದ ಹಾಗೆ. ಎಲೆ ಬಿಸಾಡಿ ಬಂದವಳೇ ಸೀರೆಗಳನ್ನು ಗಂಟು ಕಟ್ಟತೊಡಗಿದೆ. ಎಲ್ಲಿಗೆ ಹೋಗುವುದೆಂದು ಮಾತ್ರ ಗೊತ್ತಿರಲಿಲ್ಲ. ಊರಿನ ದಾರಿಯಲ್ಲಿ ಕಾಡು, ಗಂಡನ ದಾರಿಯಲ್ಲಿ ಸಮುದ್ರ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎಲ್ಲಿಗೆ ಹೊರಟೆ?"

"ಎಲೆ ಎತ್ತು ಅಂದ್ರಲ್ಲ."

ಅವರು ನಕ್ಕುಬಿಟ್ಟರು. ನನ್ನ ಕೈಯಿಂದ ಗಂಟು ತೆಗೆದುಕೊಂಡರು. "ಅಯ್ಯೋ ನನ್ ಕಣ್ಣು. ನೆಂಟ್ರ ಎಲೆ ನಾವು ಎತ್ತೋದು. ಮನೆಯವ್ಳ ಎಲೆ ಇನ್ಯಾರು ಎತ್ತಾರು? ನನ್ನೆಲೆ ನಾನೇ ಎತ್ತಲ್ವಾ? ಬಾ, ರಾಟೆ ತೋರ್ಸ್ತೀನಿ. ವೇಲೆ, ಕೆಲ್ಸ ಮಾಡಿದ್ರೆ ಈ ಊಟ ಯಾರೋ ಕೊಟ್ಟದ್ದಲ್ಲ, ನಿಂದೇ."

ಅಂದಿನಿಂದ ಬೆಳಿಗ್ಗೆ ಛತ್ರ ಗುಡಿಸುವುದು, ಮಧ್ಯಾಹ್ನ ನೂಲು ಸುತ್ತುವುದು. ನನ್ನ ಬೆರಳು ಮೊದಲ ವಾರವೇ ಸೀಳಿತು. ಅತ್ತೆ ಅರಿಶಿನ ಮೆತ್ತಿ, "ಇನ್ನೂ ಗೆರೆ ಬಿದ್ದಿಲ್ಲ, ಅಷ್ಟರಲ್ಲೇ ಅಳ್ತಾಳೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಬೀದಿಗೆ ಕೇಳಿದ್ದು ಅದೊಂದೇ ಅಲ್ಲ. ಗಂಡ ಬರುತ್ತಾನೆಂದು ಹೇಳಿಕೊಂಡು ಒಂಟಿ ಹೆಣ್ಣೊಬ್ಬಳು ಛತ್ರದಲ್ಲಿ ಬೇರೂರಿದ್ದಾಳೆ ಎಂಬ ಮಾತು ಎದ್ದಿತು. ಬೀದಿಯ ಯಜಮಾನರ ಪಾವು ಹಾಸಿದ ದಿನ ಅದು ನನ್ನೆದುರಿಗೇ ಬಂತು. ನೇಯುವ ಮೊದಲು ಉದ್ದನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಕುಂಚದಿಂದ ತೀಡುತ್ತಾರೆ; ಅದೇ ಪಾವು. ಬಿಸಿಲು ಬಲಿಯುವ ಮುಂಚೆ ಮುಗಿಸದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ನೂಲೆಲ್ಲ ಹಾಳು. ಅದಕ್ಕೇ ಯಾರ ಪಾವಾದರೂ ಬೀದಿಯವರೆಲ್ಲ ಬರಬೇಕು. ಗಂಡಸರು ತೀಡುತ್ತಾ ಹೋದರೆ ಹೆಂಗಸರು ಕಡಿದ ಎಳೆಗಳನ್ನು ಹೊಸೆದು ಸೇರಿಸುತ್ತಾ ಹಿಂದೆ ಹೋಗುತ್ತಾರೆ. ನಾನೂ ಅವರ ನಡುವೆ ಇದ್ದೆ.

ಯಜಮಾನರು ಎಲ್ಲರೆದುರು ಹೇಳಿದರು: "ಅಕ್ಕಾ, ಛತ್ರ ದಾರೀಲಿ ಹೋಗೋರಿಗೆ. ಈ ಅಮ್ಮಿಣಿ ಹೋಗೋ ಹಾಗೆ ಕಾಣ್ತಿಲ್ಲ. ಬೀದಿಗೆ ಕೆಟ್ಟ ಹೆಸ್ರು ಬೇಡ. ಇವತ್ತೇ ಕಳಿಸ್ಬಿಡಿ."

ನನ್ನ ಕೈಯ ಎಳೆ ಜಾರಿತು. ಅತ್ತೆ ತಲೆಯೆತ್ತದೆ ತಮ್ಮ ಎಳೆ ಹೊಸೆದು ಮುಗಿಸಿದರು.

"ಆಗ್ಲಿ ತಂಬಿ, ಕಳಿಸ್ತೀನಿ. ನಿಮ್ ಪಾವಲ್ಲಿ ಅವ್ಳು ಸೇರ್ಸಿದ ಎಳೆ ಯಾವುದು ಅಂತ ತೋರ್ಸಿ. ಅದನ್ನೆಲ್ಲ ಕಿತ್ಕೊಟ್ಟು ಹೋಗ್ಲಿ. ಹೊರಗಿನವ್ಳ ಕೈ ನಿಮ್ ಸೀರೇಲಿ ಯಾಕೆ?"

ಯಜಮಾನರು ಪಾವನ್ನು ನೋಡಿದರು. ಸಾವಿರಾರು ಎಳೆ, ಎಲ್ಲವೂ ಒಂದೇ ಬಣ್ಣ, ಎಲ್ಲವಕ್ಕೂ ಒಂದೇ ಗಂಜಿ. ಕುಂಚ ಹಿಡಿದವರು ನಿಂತರು. ಯಾರೋ ಹೆಂಗಸು ಕಿಸಕ್ಕೆಂದಳು.

"ಸರಿ ಸರಿ, ವೆಯಿಲು ಏರ್ತಾ ಇದೆ. ಎಲ್ರೂ ವೇಲೆ ನೋಡಿ" ಎಂದರು ಯಜಮಾನರು. ಆ ಮಾತು ಮತ್ತೆ ಏಳಲಿಲ್ಲ. ಅಂದು ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಅವರು ಹಸುವಿಗೆ ಬೈಯುವುದರಲ್ಲಿದ್ದರು.

ಗಂಡ ಬಂದದ್ದು ಪೊಂಗಲ್ ಕಳೆದ ಮೇಲೆ. ದಾರಿಯಲ್ಲಿ ವಿಷಮಜ್ವರ ಬಂದು ಯಾವುದೋ ಆಸ್ಪತ್ರೆಯಲ್ಲಿ ಬಿದ್ದಿದ್ದರಂತೆ, ಅರ್ಧ ಆಳಾಗಿದ್ದರು. ಅತ್ತೆ ಅವರ ಎಲೆಯನ್ನೂ ಮೂರು ದಿನ ಎತ್ತಿ, ನಮ್ಮನ್ನು ರೈಲು ಹತ್ತಿಸಿದರು.

ಕೊಲಂಬೊಗೆ ಹೋಗಿ ನೋಡಿದರೆ ಅಂಗಡಿ ಮುಚ್ಚಿತ್ತು. ನಮ್ಮ ಕಡೆಯವರು ನಡೆಸುತ್ತಿದ್ದ ಒಂದು ವಸತಿಗೃಹದಲ್ಲಿ ಕನಿಕರಪಟ್ಟು ಊಟ ಹಾಕಿದರು. ಗಂಡ ತಲೆ ತಗ್ಗಿಸಿ ಕೂತಿದ್ದರು. ನಾನು ಉಂಡು, ನನ್ನ ಎಲೆ ನಾನೇ ಎತ್ತಿ, "ಪೊರಕೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದೆ. ಅಲ್ಲಿ ನಾವು ಗುಡಿಸಿ, ಬೇಯಿಸಿ, ಬಡಿಸಿ ವರ್ಷಗಟ್ಟಲೆ ಇದ್ದೆವು. ಒಂದು ದಿನವೂ ಭಿಕ್ಷೆಯ ಅನ್ನ ಅನ್ನಿಸಲಿಲ್ಲ. ಪರದೇಶದಲ್ಲಿ ನಮ್ಮ ಮಾನ ಉಳಿಸಿದ್ದು ಅತ್ತೆ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ನಾವು ಊರಿಗೆ ಹೊರಟೆವು. ಅತ್ತೆಗೆಂದು ಕೊಲಂಬೊದ ಒಂದು ಸೀರೆ ತಂದಿದ್ದೆ. ದಾರಿಯಲ್ಲಿ ಕೊಯಮತ್ತೂರಿಗೆ ಇಳಿದು ಬೀದಿ ಸೇರಿದಾಗ ಛತ್ರದ ಮುಂದೆ ಚಪ್ಪರವಿತ್ತು. ಅತ್ತೆಯ ತಿಥಿಯ ಊಟ. ನನ್ನನ್ನು ಯಾರೂ ಗುರುತಿಸಲಿಲ್ಲ. ದೂರದಿಂದ ಬಂದವರೆಂದು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಸಾರು ಗಟ್ಟಿಯಾಗಿಯೇ ಇತ್ತು.

ಎದ್ದಾಗ ಅತ್ತೆಯ ತಮ್ಮನ ಸೊಸೆ, ಹೊಸ ಹುಡುಗಿ, ನನ್ನ ಎಲೆಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

"ಬಿಡಿ ಅಕ್ಕಾ, ನೆಂಟ್ರು ಎತ್ತಬಾರ್ದು" ಎಂದಳು.

ಕಂಬಕ್ಕೆ ಒರಗಿ ಕೂತಿದ್ದ ಮುದುಕರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. ಅದೇ ಯಜಮಾನರು.

"ಅವ್ಳೇ ಎತ್ಲಿ ಬಿಡಮ್ಮಾ" ಎಂದರು. "ಅವ್ಳು ಈ ಮನೆಯವ್ಳು."