ನೌಕೆಯ ಬೇಡಕ್ಕ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೇಡಕ್ಕ ಎಂದೇ. ಇಪ್ಪತ್ತೆರಡು ವರ್ಷಗಳ ಹಿಂದೆ ಟೀವಿಯಲ್ಲಿ ಬಾಹ್ಯಾಕಾಶ ನೌಕೆಯೊಂದರ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಅವಳದು ನೌಕೆಯ ಸುರಕ್ಷತಾಧಿಕಾರಿಯ ಪಾತ್ರ. ಕ್ಯಾಪ್ಟನ್ ಯಾವ ಗ್ರಹಕ್ಕೆ ಇಳಿಯಲು ಹೊರಟರೂ ಅಡ್ಡ ನಿಂತು "ಬೇಡ, ಕ್ಯಾಪ್ಟನ್" ಎನ್ನಬೇಕು. ಕಂತಿಗೆ ನಾಲ್ಕು ಸಲವಾದರೂ.

ನಾಟಕದಲ್ಲಿ ಪಳಗಿದವಳು, ಜೀವ ತುಂಬಿ ನಟಿಸಿದಳು. ಅದೇ ಎಡವಟ್ಟಾಯಿತು. ಜನಕ್ಕೆ ಅವಳನ್ನು ಕಂಡರೆ ಮೈಯೆಲ್ಲ ಉರಿ. ವಾಹಿನಿಗೆ ಚೀಲಗಟ್ಟಲೆ ಪತ್ರ ಬಂದವು. ಇವಳನ್ನು ಯಾವುದಾದರೂ ಗ್ರಹದಲ್ಲಿ ಇಳಿಸಿ ಬನ್ನಿ ಎಂಬುದೇ ಎಲ್ಲದರ ಸಾರ. ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ಮುಖಕ್ಕೇ ಹೇಳಿದಳು: "ನೀವು ಬಂದ್ರೆ ನಾನು ಸೌಂಡ್ ಕಮ್ಮಿ ಮಾಡ್ತೀನಿ ಕಣ್ರೀ."

ಹತ್ತೊಂಬತ್ತನೇ ಕಂತಿನಲ್ಲಿ ನೌಕೆಯ ಬಾಗಿಲು ತಾನಾಗಿ ತೆರೆದುಕೊಂಡು ಅವಳು ಶೂನ್ಯಕ್ಕೆ ಹಾರಿಹೋದಳು. ಪಕ್ಕದ ಮನೆಯವರ ಚಪ್ಪಾಳೆ ಗೋಡೆ ದಾಟಿ ಅವಳಿಗೇ ಕೇಳಿಸಿತು. ಗಂಡ ಟೀವಿ ಆರಿಸಿ, "ಬಿಡು, ಚೆನ್ನಾಗೇ ಸತ್ತೆ" ಎಂದ. ಅವಳು ನಗಲು ಹೋಗಿ ಅತ್ತಳು.

ಆಮೇಲೆ ಯಾರೂ ಪಾತ್ರ ಕೊಡಲಿಲ್ಲ. ಅಣ್ಣನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಹೆದರುಪುಕ್ಕಲರಿಗೆ ಕಲಿಸುವುದರಲ್ಲಿ ಅವಳದು ಎತ್ತಿದ ಕೈ.

ಹೋದ ವರ್ಷ ಅರವತ್ತು ದಾಟಿದ ಒಬ್ಬರು ಕಲಿಯಲು ಬಂದರು. ಕಾರಿನಲ್ಲಿ ಕೂತವರು ಕೀ ತಿರುಗಿಸಲೇ ಇಲ್ಲ.

"ನನ್ನ ಗುರುತು ಸಿಗಲಿಲ್ವಾ ಮೇಡಂ? ಆ ಸೀರಿಯಲ್ ಬರೀತಿದ್ದವನು ನಾನು. ನಿಮ್ಮನ್ನ ಬಾಗಿಲಿಂದ ಆಚೆ ಹಾಕಿದ್ದೂ ನಾನೇ."

ಈ ಮನುಷ್ಯ ಸಿಕ್ಕರೆ ಏನೇನು ಅನ್ನಬೇಕೆಂದು ಅವಳು ಎಷ್ಟು ಸಲ ಬಾಯಿಪಾಠ ಮಾಡಿಕೊಂಡಿದ್ದಳೋ. ಈಗ ನೋಡಿದರೆ ಕಾರು ನಿಂತೇ ಇದ್ದರೂ ಅವರು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದರು.

"ಈ ವಯಸ್ಸಲ್ಲಿ ಯಾಕೆ ಸರ್ ಕಾರು?"

"ನನ್ನ ಹೆಂಡತಿಗೆ ಕಣ್ಣಿನ ನರ ಸೋತಿದೆಯಂತೆ. ಇಷ್ಟು ವರ್ಷ ಅವಳೇ ಓಡಿಸ್ತಿದ್ದಳು. ಪಕ್ಕದಲ್ಲಿ ಕೂತು ಬೇಡ, ನಿಧಾನ, ಬೇಡ ಅಂತಿದ್ದವನು ನಾನು. ನಿಮ್ಮ ಪಾತ್ರ ಬರೆದದ್ದೂ ನನ್ನನ್ನ ನೋಡ್ಕೊಂಡೇ. ಜನ ಬೈದಾಗ ನಂಗೇ ಬೈದ ಹಾಗಾಯ್ತು. ತಡೆಯಕ್ಕಾಗದೆ ಕೊಂದ್ಬಿಟ್ಟೆ. ಏಟು ಬಿದ್ದಿದ್ದು ಮಾತ್ರ ನಿಮಗೆ."

"ಅಯ್ಯೋ, ಆವತ್ತೇ ಹೇಳಿದ್ರೆ ಅರ್ಧ ಬೈಗುಳ ನಿಮ್ಮ ಮನೆಗೇ ಕಳಿಸ್ತಿದ್ದೆನಲ್ಲ ಸರ್!" ಎಂದಳು ಬೇಡಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿ, ಕ್ಲಚ್ ಒತ್ತಿ."

ಕಲಿಯುವುದರಲ್ಲಿ ಅವರು ಮಹಾ ಮೊದ್ದು. ಕಾರು ಹಿಂದಕ್ಕೆ ತೆಗೆಯುವಾಗ ಅಭ್ಯಾಸಕ್ಕೆಂದು ನೆಟ್ಟ ಕೋಲುಗಳೆಲ್ಲ ನೆಲಕಚ್ಚುತ್ತಿದ್ದವು. ಪರೀಕ್ಷೆಯಲ್ಲಿ ಒಮ್ಮೆ ಫೇಲೂ ಆದರು. ಬೇಡಕ್ಕ ಕೈಬಿಡಲಿಲ್ಲ, ದಿನಾ ಬೆಳಿಗ್ಗೆ ಖಾಲಿ ರಸ್ತೆಗೆ ಕರೆದೊಯ್ದು ಒಂದೂವರೆ ತಿಂಗಳು ತಿದ್ದಿದಳು. ಎರಡನೇ ಸಲ ಪಾಸಾದರು.

ಮರುದಿನ ಹೆಂಡತಿಯನ್ನು ಕೂರಿಸಿಕೊಂಡು ಸ್ಕೂಲಿನ ಮುಂದೆ ಬಂದು ನಿಂತರು. ಬೇಡಕ್ಕ ಮಾತಾಡಿಸಿದೊಡನೆ ಆಕೆ ದನಿ ಬಂದ ಕಡೆ ಮುಖ ತಿರುಗಿಸಿದರು. "ನಿನ್ನನ್ನ ಸಾಯಿಸಬೇಡಿ ಅಂತ ಇವರಿಗೆ ಬಡ್ಕೊಂಡೆ ಕಣಮ್ಮ. ಕೇಳಲಿಲ್ಲ."

"ಅಷ್ಟು ಇಷ್ಟ ಆಗಿದ್ನಾ ನಾನು?"

"ಇನ್ನೇನಮ್ಮ, ಆ ನೌಕೇಲಿ ತಲೆ ನೆಟ್ಟಗಿದ್ದವಳು ನೀನೊಬ್ಬಳೇ ಅಲ್ವಾ?"

ಬೇಡಕ್ಕ ಕಿಟಕಿಯೊಳಗೆ ಕೈ ಚಾಚಿ ಆಕೆಯ ಕೈ ಹಿಡಿದುಕೊಂಡಳು.

ಈಗ ತಿಂಗಳಿಗೊಮ್ಮೆ ಆ ಗಂಡಹೆಂಡತಿ ಬೇಡಕ್ಕನ ಮನೆಗೆ ಬರುತ್ತಾರೆ. ಗೇಟಿನೊಳಗೆ ಕಾರು ತಿರುಗಿಸುವುದು ಮಾತ್ರ ಸೀರಿಯಲ್ ಬರೆದವರಿಗೆ ಇನ್ನೂ ಆಗದ ಕೆಲಸ. ಬೇಡಕ್ಕನ ಗಂಡನೇ ಹೋಗಿ ಕಾರು ಒಳಗೆ ನಿಲ್ಲಿಸುತ್ತಾನೆ.