ಲೆಮನ್ ಮಿರ್ಟಲ್ ಕಳ್ಳಿಯರು

ಪಕ್ಕದ ಮನೆ ಸರೋಜಕ್ಕನ ಹಿತ್ತಲಲ್ಲಿ ಕತ್ತರಿ ಸಮೇತ ಸಿಕ್ಕಿಬಿದ್ದೆ. ಸಾಗರದ ನರ್ಸರಿಯಿಂದ ನಾನು ಆಸೆಪಟ್ಟು ತಂದಿದ್ದ, ಎಲೆ ಮುರಿದರೆ ನಿಂಬೆಯಂತೆ ಘಮಘಮಿಸುವ ಆಸ್ಟ್ರೇಲಿಯಾದ ಲೆಮನ್ ಮಿರ್ಟಲ್ ಗಿಡ ನಮ್ಮ ಅಂಗಳದಲ್ಲಿ ಬೇಸಿಗೆಗೆ ಒಣಗಿಹೋಗಿತ್ತು. ಅದೇ ಜಾತಿಯ ಗಿಡ ಇವರ ಬಾವಿಕಟ್ಟೆ ಪಕ್ಕದ ತೇವದ ಮಣ್ಣಿನಲ್ಲಿ ಎದೆಯೆತ್ತರ ಬೆಳೆದಿತ್ತು. ಟೊಂಗೆಗೆ ಕತ್ತರಿ ಹಾಕುವಷ್ಟರಲ್ಲಿ ಹಿಂದೆ ಕೆಮ್ಮು ಕೇಳಿಸಿತು.

"ಇದು ಎಲ್ಲಿಂದ ಬಂತು ಸರೋಜಕ್ಕ?" ಎಂದು ನಾನೇ ಜೋರು ಮಾಡಿದೆ.

"ನಿಮ್ಮಲ್ಲಿಂದ್ಲೇ ಮಾರಾಯ್ತಿ! ನೀನು ಹೊಸನಗರಕ್ಕೆ ಮದ್ವೆಗೆ ಹೋದಾಗ ಕೇಳ್ದೇ ಮುರ್ಕಂಡ್ ಬಂದಿದ್ದೆ. ಈಗ ನೀನೂ ಹಂಗೇ ತಗಾ, ನಾನು ಆಚೆ ತಿರುಗಿ ನಿಲ್ತೀನಿ" ಎಂದವರು ನಿಜಕ್ಕೂ ಬೆನ್ನು ಮಾಡಿ ನಿಂತರು.

ಆ ಟೊಂಗೆ ಈಗ ನಮ್ಮ ನಲ್ಲಿ ಪಕ್ಕ ಬೇರೂರಿ ಪೊದೆಯಾಗಿದೆ. ಮೊನ್ನೆ ಅದರಲ್ಲೊಂದು ರೆಂಬೆ ಕಾಣೆಯಾಯಿತು. ಎದುರು ಮನೆ ಟೀಚರ್ ಹಿತ್ತಲಿನ ಮೇಲೆ ಈಗ ನಾವಿಬ್ಬರೂ ಕಣ್ಣಿಟ್ಟಿದ್ದೇವೆ.